ಮೂರು ವರ್ಷ ಮಾಸ್ಟೊಡಾನ್ ಬಳಸಿದ ಮೇಲೆ

ಟ್ವಿಟರ್ ಮಾದರಿಯ ಸಾಮಾಜಿಕ ಜಾಲತಾಣವಾದ ಮಾಸ್ಟೊಡಾನ್‌ನಲ್ಲಿ ಖಾತೆ ತೆರೆಯಲು ಹೋದವರಿಗೆ ಹೆಸರು, ಪಾಸ್‌ವರ್ಡ್ ಕೇಳುವುದಕ್ಕೂ ಮೊದಲೇ ಎದುರಾಗುವುದು ‘ಯಾವ ಸರ್ವರ್?’ ಎಂಬ ಪ್ರಶ್ನೆ. ಬಂದವರಲ್ಲಿ ಅನೇಕರು ಈ ಹೊಸ್ತಿಲಿನಿಂದಲೇ ಹಿಂದಿರುಗುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಜಿಮೇಲ್ ಇರುವವರು ಯಾಹೂ ಇರುವವರಿಗೆ ಪತ್ರ ಬರೆಯುವ ಹಾಗೆಯೇ ಇಲ್ಲಿ ಒಂದು ಸರ್ವರ್‌ನವರು ಇನ್ನೊಂದು ಸರ್ವರ್‌ನವರನ್ನು ಹಿಂಬಾಲಿಸಬಹುದು, ಅವರಿಗೆ ಉತ್ತರಿಸಬಹುದು, ಆದ್ದರಿಂದ ಎಲ್ಲಿ ಸೇರಿದರೂ ಒಂದೇ ಎಂದು ಹಳಬರು ಧೈರ್ಯ ಹೇಳುತ್ತಾರೆ. ಆ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಏನೆಂದು ತಿಳಿಯುವಷ್ಟರಲ್ಲಿ ನಾನು ಎರಡು ಬಾರಿ ಮನೆ ಬದಲಿಸಿದ್ದೆ. 2023ರಿಂದ ಈಚೆಗೆ ಅಧಿಕೃತ ಆ್ಯಪ್ ಹೊಸಬರನ್ನು ನೇರವಾಗಿ ‘ಮಾಸ್ಟೊಡಾನ್ ಡಾಟ್ ಸೋಷಿಯಲ್’ ಎಂಬ ದೊಡ್ಡ ಸರ್ವರ್‌ಗೆ ಕರೆದೊಯ್ಯುವ ಸುಲಭದ ದಾರಿಯನ್ನು ಮುಂದಿಟ್ಟಿರುವುದರಿಂದ ಗೊಂದಲ ಸ್ವಲ್ಪ ಕಡಿಮೆಯಾಗಿದೆ. ಆದರೆ ಆ ದಾರಿಯಲ್ಲಿ ಹೋದವರಿಗೆ ಈ ವ್ಯವಸ್ಥೆಯ ವಿಶೇಷವೇನೆಂಬುದು ಬಹುಕಾಲ ಗೊತ್ತಾಗುವುದೇ ಇಲ್ಲ.

ಜರ್ಮನಿಯ ಯೂಜೆನ್ ರಾಚ್ಕೊ 2016ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ ಈ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಹಾಕಿಕೊಂಡು ತಮ್ಮದೇ ನಿಯಮಗಳ ಒಂದು ತಾಣವನ್ನು ನಡೆಸಬಹುದು. ಆ ತಾಣಗಳು ಪರಸ್ಪರ ಮಾತನಾಡಿಕೊಳ್ಳಲು ಬಳಸುವ ‘ಆ್ಯಕ್ಟಿವಿಟಿಪಬ್’ ಎಂಬ ಶಿಷ್ಟತೆಗೆ 2018ರ ಜನವರಿಯಲ್ಲಿ ವೆಬ್‌ನ ಶಿಷ್ಟತೆಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮನ್ನಣೆ ಸಿಕ್ಕಿತು. 2022ರ ಅಕ್ಟೋಬರ್ 27ರಂದು ಇಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರನ್ನು ಕೊಂಡ ಮೇಲೆ ಇಲ್ಲಿಗೆ ಜನ ನುಗ್ಗಿದರು. ತಿಂಗಳಿಗೆ ಸುಮಾರು 3 ಲಕ್ಷವಿದ್ದ ಸಕ್ರಿಯ ಬಳಕೆದಾರರ ಸಂಖ್ಯೆ ಒಂದೇ ತಿಂಗಳಲ್ಲಿ 25 ಲಕ್ಷದ ಹತ್ತಿರಕ್ಕೆ ಏರಿತು, ಆಮೇಲೆ ಇಳಿಯಿತು. ಹಾಗೆ ನುಗ್ಗಿದವರಲ್ಲಿ ನಾನೂ ಒಬ್ಬ. ಇಳಿಕೆಯ ಲೆಕ್ಕದಲ್ಲಿ ನಾನಿಲ್ಲ.

ಬೆಂಗಳೂರಿನಲ್ಲಿ ಪ್ರೋಗ್ರಾಮಿಂಗ್ ಕೆಲಸ ಮಾಡಿಕೊಂಡಿರುವ ನನಗೆ ಅಂತರಜಾಲದಲ್ಲಿ ಬೇಕಾಗಿರುವುದು ಬಿಡುವಿನ ಹರಟೆ. ಬೆಳಗಿನ ಪತ್ರಿಕೆ ಓದಿದ ಮೇಲೆ ರಾಜಕೀಯದ ಬಗ್ಗೆ ಎರಡು ಮಾತು, ಈ ಆ್ಯಪ್ ಹೀಗೇಕೆ ಕೆಟ್ಟಿತು ಎಂಬ ಗೊಣಗಾಟ, ಮಧ್ಯಾಹ್ನ ಕೈಕೊಟ್ಟ ಕೋಡಿನ ಕಥೆ: ಇಷ್ಟನ್ನು ಹೇಳಿಕೊಳ್ಳಲು, ಬೇರೆಯವರು ಹೇಳಿದ್ದನ್ನು ಕೇಳಲು ಒಂದು ಜಗಲಿ ಸಿಕ್ಕರೆ ಸಾಕು. ಈ ವಿಮರ್ಶೆಯೂ ಅದೇ ಅಳತೆಗೋಲಿನದು. ವ್ಯಾಪಾರಕ್ಕೆ, ಪ್ರಚಾರಕ್ಕೆ, ಸುದ್ದಿ ಎಲ್ಲರಿಗಿಂತ ಮೊದಲು ತಿಳಿಯುವುದಕ್ಕೆ ಮಾಸ್ಟೊಡಾನ್ ಎಷ್ಟು ಒದಗುತ್ತದೆ ಎಂದು ಕೇಳಿದರೆ, ಒದಗುವುದಿಲ್ಲ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು.

ಬಳಸತೊಡಗಿದ ಮೊದಲ ವಾರ ಗಮನಕ್ಕೆ ಬರುವುದು ಟೈಮ್‌ಲೈನಿನ ಸಪ್ಪೆತನ. ನೀವು ಹಿಂಬಾಲಿಸುವವರು ಬರೆದದ್ದು, ಬರೆದ ಸಮಯದ ಕ್ರಮದಲ್ಲಿ, ಒಂದರ ಕೆಳಗೊಂದು ಬರುತ್ತದೆ. ಓದಿ ಮುಗಿಸಿದರೆ ಮುಗಿಯಿತು. ಜಾಹೀರಾತಿಲ್ಲ. ನಡುವೆ ಅಪರಿಚಿತರ ಜಗಳವನ್ನು ತಂದು ಸುರಿಯುವ ಅಲ್ಗಾರಿದಮ್ ಇಲ್ಲ. ಲೈಕ್ ಒತ್ತಿದರೆ ಬರೆದವರಿಗೆ ಸಂತೋಷವಾಗುತ್ತದೆಯೇ ಹೊರತು ಆ ಬರಹ ನಿಮ್ಮ ಹಿಂಬಾಲಕರ ಮುಂದೆ ಹೋಗುವುದಿಲ್ಲ. ಹೋಗಬೇಕಾದರೆ ನೀವೇ ‘ಬೂಸ್ಟ್’ ಒತ್ತಬೇಕು, ಎಂದರೆ ನಾಲ್ಕು ಜನರ ಎದುರು ಅದಕ್ಕೆ ನಿಮ್ಮ ಹೆಸರು ಸೇರಿಸಬೇಕು. ಇಷ್ಟು ಸಣ್ಣ ವ್ಯತ್ಯಾಸದಿಂದ ರಾಜಕೀಯದ ಮಾತಿನ ಧ್ವನಿ ಎಷ್ಟು ತಗ್ಗುತ್ತದೆ ಎಂಬುದನ್ನು ನಾನು ಊಹಿಸಿರಲಿಲ್ಲ. ಬೇರೆ ತಾಣಗಳಲ್ಲಿ ಸಿಟ್ಟಿನ ಉತ್ತರವೂ ಒಂದು ಬಗೆಯ ಮತವೇ. ಬೈದವರೆಲ್ಲ ಸೇರಿ ಬೈಸಿಕೊಂಡ ಮಾತನ್ನೇ ಮೇಲಕ್ಕೆತ್ತಿ ನಿಲ್ಲಿಸುತ್ತಾರೆ. ಇಲ್ಲಿ ಕೆಣಕುವವನ ಮನೆಯ ಟೈಮ್‌ಲೈನಿಗೆ ಅದರಿಂದ ಬರುವ ಲಾಭ ಏನೂ ಇಲ್ಲ.

ಇನ್ನೆರಡು ಕೊರತೆಗಳನ್ನು ಇದರ ರೂವಾರಿಗಳು ಬೇಕೆಂದೇ ಉಳಿಸಿಕೊಂಡಿದ್ದರು. ಬೇರೆಯವರ ಪೋಸ್ಟನ್ನು ಉದ್ಧರಿಸಿ ಅದರ ತಲೆಯ ಮೇಲೆ ತನ್ನದೊಂದು ಕೊಂಕು ಬರೆಯುವ ಸೌಲಭ್ಯ ಜನರನ್ನು ಒಬ್ಬನ ಮೇಲೆ ಎತ್ತಿಕಟ್ಟುತ್ತದೆ ಎಂದು ರಾಚ್ಕೊ ಅದನ್ನು ವರ್ಷಗಟ್ಟಲೆ ಕೊಡಲಿಲ್ಲ. 2025ರಲ್ಲಿ ಬಂದ 4.5ನೇ ಆವೃತ್ತಿಯಲ್ಲಿ ಕೊಟ್ಟಾಗಲೂ ತನ್ನ ಪೋಸ್ಟನ್ನು ಯಾರು ಉದ್ಧರಿಸಬಹುದು ಎಂಬ ನಿರ್ಧಾರ ಬರೆದವರ ಕೈಯಲ್ಲೇ ಉಳಿಯಿತು. ಎಲ್ಲರ ಪೋಸ್ಟುಗಳ ಒಳಗೆ ಪದ ಹುಡುಕುವ ಅನುಕೂಲವೂ 2023ರ ಸೆಪ್ಟೆಂಬರ್‌ವರೆಗೆ ಇರಲಿಲ್ಲ. ಈಗಲೂ ಒಪ್ಪಿಗೆ ಕೊಟ್ಟವರ ಬರಹ ಮಾತ್ರ ಹುಡುಕಾಟದಲ್ಲಿ ಸಿಗುತ್ತದೆ, ಅದೂ ಆ ಸರ್ವರ್‌ನ ಅಡ್ಮಿನ್ ಹುಡುಕಾಟದ ತಂತ್ರಾಂಶವನ್ನು ಬೇರೆಯಾಗಿ ಅಳವಡಿಸಿದ್ದರೆ. ನಮ್ಮ ರಾಜ್ಯದ ಯಾವುದೇ ನಾಯಕರ ಹೆಸರನ್ನು ಬೇರೆ ಕಡೆ ಬರೆದ ಹತ್ತು ನಿಮಿಷದೊಳಗೆ, ಆ ಹೆಸರನ್ನೇ ದಿನವಿಡೀ ಹುಡುಕುತ್ತ ಕುಳಿತಂತಿರುವ ಖಾತೆಗಳು ಬಂದು ಮುತ್ತಿಕೊಳ್ಳುವುದನ್ನು ಕಂಡವರಿಗೆ ಈ ಕೊರತೆಯ ಬೆಲೆ ಗೊತ್ತಾಗುತ್ತದೆ. ಆದರೆ ಹಳೆಯ ಪೋಸ್ಟೊಂದನ್ನು ಹುಡುಕಬೇಕಾದಾಗ ಇದೇ ಕೊರತೆಯನ್ನು ಶಪಿಸುತ್ತೇವೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಮ್ಮೂರಿನ ಹಳೆಯ ಹೋಟೆಲುಗಳಲ್ಲಿ, ಕ್ಷೌರದ ಅಂಗಡಿಗಳಲ್ಲಿ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಹಲಗೆ ತೂಗುಹಾಕಿರುತ್ತಿತ್ತು. ಅದರ ಕೆಳಗೆ ಕುಳಿತೇ ಜನ ಚುನಾವಣೆಯ ಲೆಕ್ಕ ಹಾಕುತ್ತಿದ್ದರು. ಮಾಸ್ಟೊಡಾನ್‌ನಲ್ಲಿ ಆ ಹಲಗೆಯ ಜಾಗದಲ್ಲಿ ಇರುವುದು ಎಚ್ಚರಿಕೆಯ ಪರದೆ. ಪೋಸ್ಟಿನ ಮೇಲೆ ‘ರಾಜಕೀಯ’ ಎಂದೋ ‘ಚುನಾವಣೆ’ ಎಂದೋ ಒಂದು ಸಾಲಿನ ತಲೆಬರಹ ಕೊಟ್ಟು ಉಳಿದದ್ದನ್ನು ಮಡಚಿಡಬಹುದು. ಬೇಕಾದವರು ಬಿಚ್ಚಿ ಓದುತ್ತಾರೆ. ಹಲವು ಸರ್ವರ್‌ಗಳಲ್ಲಿ ಇದನ್ನು ಒಳ್ಳೆಯ ನಡತೆ ಎಂದು ಭಾವಿಸುತ್ತಾರೆ. ನನಗೆ ಮೊದಮೊದಲು ಇದು ಅತಿಯಾದ ಮಡಿವಂತಿಕೆಯೆನಿಸಿತ್ತು. ಈಗ ಅರ್ಧ ಒಪ್ಪುತ್ತೇನೆ. ಉಳಿದರ್ಧ ಒಪ್ಪದಿರುವುದಕ್ಕೆ ಕಾರಣ, ತನ್ನ ಊರಿಗೆ ನೀರು ಬಂದಿಲ್ಲ ಎನ್ನುವುದನ್ನೂ ರಾಜಕೀಯವೆಂದು ಮಡಚಿಡಿ ಎಂದು ದೂರದ ದೇಶದ ಒಬ್ಬರು ಬುದ್ಧಿ ಹೇಳಿದ ಪ್ರಸಂಗವನ್ನು ಕಣ್ಣಾರೆ ಕಂಡಿದ್ದೇನೆ.

ಪ್ರೋಗ್ರಾಮಿಂಗ್ ವಿಷಯಕ್ಕೆ ಬಂದರೆ ನಾನು ಹೊಗಳಿಕೆಗೆ ಮಿತಿ ಹಾಕಿಕೊಳ್ಳಬೇಕಾಗುತ್ತದೆ. ತಂತ್ರಾಂಶ ಬರೆಯುವವರು, ಡೇಟಾಬೇಸ್ ನೋಡಿಕೊಳ್ಳುವವರು, ಕಾಂಪೈಲರ್ ಕಟ್ಟುವವರು 2022ರ ವಲಸೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಂದು ಇಲ್ಲಿಯೇ ನೆಲೆಸಿದರು. ಅವರು ಹರಟುವ ರೀತಿಯಲ್ಲಿ ಒಂದು ಪ್ರಾಮಾಣಿಕತೆಯಿದೆ: ಗೆದ್ದದ್ದಕ್ಕಿಂತ ಕೆಟ್ಟದ್ದರ ಕಥೆಯೇ ಹೆಚ್ಚು. ಆ ಚಳಿಗಾಲದಲ್ಲಿ ‘ಹ್ಯಾಕಿಡರ್ಮ್’ ಎಂಬ ಸರ್ವರ್ ಮನೆಯೊಂದರ ನೆಲಮಾಳಿಗೆಯ ಯಂತ್ರಗಳಲ್ಲಿ ಓಡುತ್ತಿತ್ತು; ಬಳಕೆದಾರರು 30 ಸಾವಿರದ ಸುಮಾರಿಗೆ ಏರಿದಾಗ ಡಿಸ್ಕುಗಳು ಕೈಕೊಟ್ಟವು, ಇಡೀ ತಾಣವನ್ನು ಜರ್ಮನಿಯ ಬಾಡಿಗೆ ಯಂತ್ರಗಳಿಗೆ ಸಾಗಿಸಬೇಕಾಯಿತು, ನಡೆಸುತ್ತಿದ್ದವರು ಎಲ್ಲಿ ಎಡವಿದೆವು ಎಂಬುದನ್ನು ಒಂದೊಂದಾಗಿ ಬರೆದು ಪ್ರಕಟಿಸಿದರು. ತಾವು ಕುಳಿತ ಜಗಲಿಯ ಕಂಬ ಹೇಗೆ ಅಲ್ಲಾಡಿತು ಎಂಬುದನ್ನು ಕುಳಿತವರಿಗೆಲ್ಲ ತಿಳಿಸುವ ಈ ಪದ್ಧತಿ ಕಂಪನಿಗಳ ತಾಣಗಳಲ್ಲಿ ಅಪರೂಪ.

ತಂತ್ರಾಂಶದ ಒಳಗೂ ಗುಟ್ಟೇನಿಲ್ಲ. ರೂಬಿ ಆನ್ ರೇಲ್ಸ್‌ನಲ್ಲಿ ಬರೆದ ಹಿಂಭಾಗ, ರಿಯಾಕ್ಟ್‌ನಲ್ಲಿ ಬರೆದ ಮುಂಭಾಗ, ಮಾಹಿತಿಗೆ ಪೋಸ್ಟ್‌ಗ್ರೆಸ್, ಸರದಿಯಲ್ಲಿ ಕಾಯುವ ಕೆಲಸಗಳಿಗೆ ಸೈಡ್‌ಕಿಕ್ ಮತ್ತು ರೆಡಿಸ್. ಬೆಂಗಳೂರಿನ ಯಾವುದೇ ನವೋದ್ಯಮದಲ್ಲಿ ಎರಡು ವರ್ಷ ದುಡಿದವರಿಗೆ ಎಲ್ಲವೂ ಪರಿಚಿತ ಸಾಮಾನುಗಳೇ. (ಟ್ವಿಟರ್ ಕೂಡ ರೇಲ್ಸ್‌ನಲ್ಲೇ ಹುಟ್ಟಿ, ಹೊರೆ ತಾಳಲಾರದೆ ಸ್ಕಾಲಾ ಎಂಬ ಭಾಷೆಯ ಕಡೆಗೆ ಹೋದದ್ದನ್ನು ಬಲ್ಲವರು ಇಲ್ಲಿ ಮುಗುಳ್ನಗುತ್ತಾರೆ.) ಪ್ರತಿ ಖಾತೆಯ ವಿಳಾಸದ ಕೊನೆಗೆ ನಾಲ್ಕು ಅಕ್ಷರ ಸೇರಿಸಿದರೆ ಅದರ ಆರ್‌ಎಸ್‌ಎಸ್ ಸಿಗುತ್ತದೆ, ನಾನು ಹೇಳುತ್ತಿರುವುದು ಸುದ್ದಿ ಹರಿವಿನ ತಂತ್ರಜ್ಞಾನದ ಮಾತು, ರಾಜಕೀಯದ ಪ್ಯಾರಾ ಹಿಂದೆಯೇ ಮುಗಿಯಿತು. ಆ್ಯಪ್‌ಗಳಲ್ಲೂ ಆಯ್ಕೆಯಿದೆ. 2023ರ ಜನವರಿಯಲ್ಲಿ ಟ್ವಿಟರ್ ಹೊರಗಿನವರ ಆ್ಯಪ್‌ಗಳಿಗೆ ಬಾಗಿಲು ಮುಚ್ಚಿದಾಗ ‘ಟ್ವೀಟ್‌ಬಾಟ್’ ಎಂಬ ಅಂಥ ಆ್ಯಪ್ ಮಾಡಿದವರು ಅದೇ ತಿಂಗಳು ಮಾಸ್ಟೊಡಾನ್‌ಗಾಗಿ ‘ಐವರಿ’ ತಂದರು. ಆಂಡ್ರಾಯ್ಡ್‌ನಲ್ಲಿ ನಾನು ಬಳಸುವುದು ‘ಟಸ್ಕಿ’. ಅಧಿಕೃತ ಆ್ಯಪ್‌ಗಿಂತ ಅದೇ ವಾಸಿ.

ಇಷ್ಟೆಲ್ಲ ತೆರೆದಿರುವುದರಿಂದ ನನ್ನಂಥವರು ಆಟವಾಡಲು ಅವಕಾಶವಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ದಿನವೂ ಪ್ರಕಟಿಸುವ ಜಲಾಶಯಗಳ ಅಂಕಿಗಳಿಂದ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಮಾತ್ರ ಆಯ್ದು, ಗರಿಷ್ಠ ಮಟ್ಟವಾದ 124.80 ಅಡಿಯ ಎದುರು ಇಟ್ಟು, ಬೆಳಿಗ್ಗೆ ಒಂದು ಸಾಲು ಕನ್ನಡದಲ್ಲಿ ತಾನಾಗಿ ಬರೆಯುವ ಬಾಟ್ ಒಂದನ್ನು ಪೈಥಾನ್‌ನಲ್ಲಿ ಒಂದು ಭಾನುವಾರದ ಮಧ್ಯಾಹ್ನ ಬರೆದು ಮುಗಿಸಿದೆ. ಕೋಡು ನಲವತ್ತು ಸಾಲು ದಾಟಲಿಲ್ಲ, ಯಾರ ಅನುಮತಿಗೂ ಕಾಯಬೇಕಾಗಲಿಲ್ಲ, ಹಣವನ್ನೂ ಕಟ್ಟಬೇಕಾಗಲಿಲ್ಲ. ‘ಇದು ಬಾಟ್’ ಎಂದು ಖಾತೆಯಲ್ಲಿ ಗುರುತು ಹಾಕಬೇಕೆಂಬ ನಿಯಮವೊಂದನ್ನು ಸರ್ವರ್‌ನವರು ನೆನಪಿಸಿದರು, ಅದು ನ್ಯಾಯವೇ. ಮೂರು ವರ್ಷದಲ್ಲಿ ಅದಕ್ಕೆ ಹನ್ನೊಂದು ಹಿಂಬಾಲಕರು. ಆ ಸಂಖ್ಯೆಯ ಕಡೆಗೆ ಮುಂದೆ ಬರುತ್ತೇನೆ.

ಅದಕ್ಕೆ ಮೊದಲು, ಸ್ವಂತ ಸರ್ವರ್ ನಡೆಸಲು ಹೋದ ಕಥೆ. ಗೆಳೆಯರು ಹತ್ತು ಜನ ಸೇರಿ ಒಂದು ಕನ್ನಡದ ಸರ್ವರ್ ಇಟ್ಟುಕೊಳ್ಳೋಣವೆಂದು ತಿಂಗಳ ಬಾಡಿಗೆಗೆ ಒಂದು ಸಣ್ಣ ಯಂತ್ರ ಹಿಡಿದೆವು. ಹತ್ತು ಜನರ ಮಾತಿಗೆ ಎಷ್ಟು ಜಾಗ ಬೇಕಾದೀತು ಎಂಬ ನನ್ನ ಲೆಕ್ಕ ಬುಡದಲ್ಲೇ ತಪ್ಪಾಗಿತ್ತು. ನಾವು ಹಿಂಬಾಲಿಸುವ ಹೊರಗಿನ ನೂರಾರು ಜನ ಹಾಕುವ ಚಿತ್ರ, ವಿಡಿಯೊಗಳ ಪ್ರತಿಯೂ ನಮ್ಮ ಡಿಸ್ಕಿಗೆ ಬಂದು ಕೂರುತ್ತದೆ. ಹಳೆಯದನ್ನು ತೆಗೆದುಹಾಕುವ ಆದೇಶವನ್ನು ನಿಯತವಾಗಿ ಓಡಿಸಬೇಕೆಂದು ಕೈಪಿಡಿಯಲ್ಲಿ ಬರೆದಿದ್ದರೂ ನಾನು ಓದಿರಲಿಲ್ಲ. ಮೂರನೆಯ ವಾರ ಡಿಸ್ಕ್ ತುಂಬಿ ಡೇಟಾಬೇಸ್ ನಿಂತಿತು. ಹಬ್ಬದ ದಿನ, ಹೋಳಿಗೆಯ ಹೊತ್ತಿನಲ್ಲಿ, ಲ್ಯಾಪ್‌ಟಾಪ್ ಹಿಡಿದು ಕುಳಿತವನನ್ನು ಅತ್ತಿಗೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಆರನೆಯ ತಿಂಗಳಿಗೆ ಬಾಗಿಲು ಹಾಕಿದೆವು. ತಪ್ಪು ಪೂರ್ತಿ ನನ್ನದು, ತಂತ್ರಾಂಶದ್ದಲ್ಲ. ಆದರೆ ‘ಯಾರು ಬೇಕಾದರೂ ನಡೆಸಬಹುದು’ ಎಂಬ ಮಾತನ್ನು ‘ಒಲೆ ಹಚ್ಚಲು ಬಂದವರೆಲ್ಲ ಮದುವೆ ಅಡುಗೆ ಮಾಡಬಹುದು’ ಎಂಬ ಅರ್ಥದಲ್ಲಿ ತೆಗೆದುಕೊಳ್ಳಬೇಕು.

ನಾನು ಮೊಟ್ಟಮೊದಲು ಸೇರಿದ್ದ ಸರ್ವರ್ ಕೂಡ ಹೀಗೆಯೇ ಕಣ್ಮರೆಯಾಗಿತ್ತು. ಅದರ ಹೆಸರು ಬೇಡ. ಒಬ್ಬರೇ ನಡೆಸುತ್ತಿದ್ದರು, ಒಂದು ವಾರದ ಸೂಚನೆ ಕೊಟ್ಟು ಮುಚ್ಚಿದರು. ಖಾತೆಯನ್ನು ಬೇರೆಡೆಗೆ ಸಾಗಿಸುವ ವ್ಯವಸ್ಥೆ ಇದೆ, ಹಿಂಬಾಲಕರು ತಾವಾಗಿಯೇ ಹೊಸ ಮನೆಗೆ ಬರುತ್ತಾರೆ. ಹಳೆಯ ಪೋಸ್ಟುಗಳು ಮಾತ್ರ ಬರುವುದಿಲ್ಲ. ಕಡತವಾಗಿ ಇಳಿಸಿಕೊಂಡು ಇಟ್ಟುಕೊಳ್ಳಬಹುದು, ಅಷ್ಟೇ. ಇದು ಅಪರೂಪದ ಅನುಭವವೂ ಅಲ್ಲ: ಪ್ರೋಗ್ರಾಮರ್‌ಗಳ ನಡುವೆ ಹೆಸರಾಗಿದ್ದ ‘ಮಾಸ್ಟೊಡಾನ್ ಡಾಟ್ ಟೆಕ್ನಾಲಜಿ’ 2022ರ ಕೊನೆಯಲ್ಲಿ ಮುಚ್ಚಿತು, ಅಫ್ಘಾನಿಸ್ತಾನದ ‘ಡಾಟ್ ಎಎಫ್’ ವಿಳಾಸ ಹಿಡಿದಿದ್ದ ಒಂದು ಸರ್ವರ್ 2024ರ ಫೆಬ್ರುವರಿಯಲ್ಲಿ ತಾಲಿಬಾನ್ ಆಡಳಿತದಿಂದ ಆ ವಿಳಾಸವನ್ನೇ ಕಳೆದುಕೊಂಡಿತು. ನಾಲ್ಕಕ್ಷರದ ಚೆಂದದ ವಿಳಾಸಕ್ಕೆ ಆಸೆಪಡುವವರು ಅದರ ಕೊನೆಯ ಎರಡಕ್ಷರ ಯಾವ ಸರಕಾರದ್ದೆಂದು ನೋಡಿಕೊಳ್ಳಬೇಕು.

ಹಾಗೆಂದು ಕಂಪನಿಯ ನೆರಳು ಗಟ್ಟಿ ಎನ್ನುವಂತೆಯೂ ಇಲ್ಲ. ಕನ್ನಡಿಗರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ, ಟ್ವಿಟರ್ ಮಾದರಿಯ ‘ಕೂ’ ತಾಣ 2020ರಲ್ಲಿ ಮೊದಲು ಬಂದದ್ದು ಕನ್ನಡದಲ್ಲಿ. ಆಮೇಲೆ ಉಳಿದ ಭಾಷೆಗಳು, 2021ರ ಫೆಬ್ರುವರಿಯಲ್ಲಿ ರೈತ ಚಳವಳಿಯ ಪೋಸ್ಟುಗಳ ವಿಷಯವಾಗಿ ಕೇಂದ್ರ ಸರಕಾರಕ್ಕೂ ಟ್ವಿಟರ್‌ಗೂ ಜಟಾಪಟಿಯಾದಾಗ ಸಚಿವರ, ಇಲಾಖೆಗಳ ಖಾತೆಗಳು, ಅದೇ ವರ್ಷ ನೈಜೀರಿಯಾದಲ್ಲಿ ಟ್ವಿಟರ್ ನಿಷೇಧವಾದಾಗ ಅಲ್ಲಿಗೂ ಒಂದು ಹೆಜ್ಜೆ. 2024ರ ಜುಲೈಯಲ್ಲಿ ಸಂಸ್ಥಾಪಕರು ಮುಚ್ಚುವುದಾಗಿ ಪ್ರಕಟಿಸಿದರು. ಕನ್ನಡದಲ್ಲಿ ಯೋಚಿಸಿ ಕಟ್ಟಿದ ತಾಣ ಹೋಯಿತಲ್ಲ ಎಂದು ನನಗೆ ನಿಜವಾಗಿ ಬೇಸರವಾಯಿತು. ಕೂ ಮುಚ್ಚಿದಾಗ ಊರಿಗೆ ಊರೇ ಎದ್ದುಹೋಯಿತು. ಮಾಸ್ಟೊಡಾನ್‌ನಲ್ಲಿ ಒಂದು ಸರ್ವರ್ ಮುಚ್ಚಿದರೆ ಒಂದು ಮನೆ ಬೀಳುತ್ತದೆ, ಬೀದಿ ಉಳಿಯುತ್ತದೆ.

ರಾಜಕೀಯದ ಇನ್ನೊಂದು ಮುಖ ಸರಕಾರ ಮತ್ತು ನ್ಯಾಯಾಲಯಗಳದು. ಖಾತೆಗಳನ್ನು, ಪೋಸ್ಟುಗಳನ್ನು ತಡೆಹಿಡಿಯಬೇಕೆಂಬ ಕೇಂದ್ರದ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ 2022ರ ಜುಲೈಯಲ್ಲಿ ಬಂದದ್ದು ಕರ್ನಾಟಕ ಹೈಕೋರ್ಟಿಗೆ. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಮಾಸ್ಟೊಡಾನ್‌ನಲ್ಲಿ ಇಂಥ ಆದೇಶವನ್ನು ಯಾರಿಗೆ ಕೊಡುವುದು? ಒಂದೊಂದು ಸರ್ವರ್‌ಗೂ ಒಬ್ಬೊಬ್ಬ ಒಡೆಯ. 2021ರ ಐಟಿ ನಿಯಮಗಳು ಹೆಚ್ಚಿನ ಹೊಣೆ ಹೊರಿಸುವುದು ಭಾರತದಲ್ಲಿ 50 ಲಕ್ಷ ನೋಂದಾಯಿತ ಬಳಕೆದಾರರಿರುವ ತಾಣಗಳ ಮೇಲೆ. ಇದನ್ನು ಸ್ವಾತಂತ್ರ್ಯವೆಂದು ಕುಣಿಯುವವರಿದ್ದಾರೆ. ನನಗೆ ಅಷ್ಟು ಉತ್ಸಾಹವಿಲ್ಲ. ಕಂಪನಿಯಾದರೆ ಹಿರಿಯ ವಕೀಲರನ್ನಿಟ್ಟು ಹೈಕೋರ್ಟಿಗಾದರೂ ಹೋಗುತ್ತದೆ. ಬಿಡುವಿನ ವೇಳೆಯಲ್ಲಿ ಸರ್ವರ್ ನಡೆಸುವ ಮೇಷ್ಟರೋ ಎಂಜಿನಿಯರೋ ಒಂದು ನೋಟಿಸು ಬಂದರೆ ಪೋಸ್ಟನ್ನೇನು, ಸರ್ವರನ್ನೇ ತೆಗೆದುಬಿಡುತ್ತಾರೆ.

ಜೊತೆಗೆ ಅಡ್ಮಿನ್‌ಗಳದೂ ಒಂದು ರಾಜಕೀಯವಿದೆ. ಒಂದು ಸರ್ವರ್‌ನ ನಡತೆ ಇಷ್ಟವಾಗದಿದ್ದರೆ ಇನ್ನೊಂದರ ಅಡ್ಮಿನ್ ಅದರ ಜೊತೆಗಿನ ಸಂಪರ್ಕವನ್ನೇ ಕಡಿದುಹಾಕಬಹುದು. 2019ರ ಜುಲೈಯಲ್ಲಿ ಅಮೆರಿಕದ ತೀವ್ರ ಬಲಪಂಥೀಯರ ತಾಣವಾದ ‘ಗ್ಯಾಬ್’ ಮಾಸ್ಟೊಡಾನ್‌ನ ಕೋಡಿಗೆ ಬದಲಾದಾಗ ಹೆಚ್ಚಿನ ಸರ್ವರ್‌ಗಳು ಹಾಗೆ ಕಡಿದುಕೊಂಡವು. ಟಸ್ಕಿಯಂಥ ಆ್ಯಪ್‌ಗಳೂ ಅದಕ್ಕೆ ಪ್ರವೇಶ ಕೊಡಲಿಲ್ಲ. ಡೊನಾಲ್ಡ್ ಟ್ರಂಪ್ ಅವರ ‘ಟ್ರೂತ್ ಸೋಷಿಯಲ್’ ಕೂಡ ಇದೇ ಕೋಡನ್ನು ಹೇಳದೆ ಕೇಳದೆ ಬಳಸಿತ್ತು. ಬಳಸುವುದಕ್ಕೆ ಅಡ್ಡಿಯಿಲ್ಲ, ಆದರೆ ಬಳಸಿ ತಿದ್ದಿದ ಕೋಡನ್ನು ಎಲ್ಲರಿಗೂ ತೆರೆದಿಡಬೇಕು ಎನ್ನುವುದು ಇದರ ಪರವಾನಗಿಯ ಷರತ್ತು. 2021ರ ಅಕ್ಟೋಬರ್‌ನಲ್ಲಿ ಮಾಸ್ಟೊಡಾನ್ ಕಡೆಯಿಂದ ಪತ್ರ ಹೋಯಿತು, ಮುಂದಿನ ತಿಂಗಳು ಅವರು ಕೋಡನ್ನು ಪ್ರಕಟಿಸಿದರು. ಯಾರ ಅಭಿಪ್ರಾಯಕ್ಕೂ ಬೀಗ ಹಾಕದ ಪರವಾನಗಿ ಕೋಡಿನ ಪೆಟ್ಟಿಗೆಗೆ ಬೀಗ ಹಾಕುವುದನ್ನು ಮಾತ್ರ ಒಪ್ಪಲಿಲ್ಲ.

ಇಲ್ಲಿನ ಬೇಸರದ ಸಂಗತಿಯೆಂದರೆ ಮಾಸ್ಟೊಡಾನ್‌ನಲ್ಲಿ ಮಾಸ್ಟೊಡಾನ್ ಬಗ್ಗೆಯೇ ನಡೆಯುವ ಮಾತು. ಮೆಟಾದ ‘ಥ್ರೆಡ್ಸ್’ 2024ರಲ್ಲಿ ಆ್ಯಕ್ಟಿವಿಟಿಪಬ್ ಕಡೆಗೆ ಕೈಚಾಚಿದಾಗ ಆ ಕೈ ಹಿಡಿಯಬೇಕೋ ಬೇಡವೋ ಎಂಬ ಚರ್ಚೆ ಎಷ್ಟು ತಿಂಗಳು ನಡೆಯಿತೆಂದರೆ ನಾನು ಆ ಪದವನ್ನೇ ಸೋಸಿ ತೆಗೆಯುವಂತೆ ಫಿಲ್ಟರ್ ಹಾಕಿದೆ. ಚಿತ್ರಕ್ಕೆ ವಿವರಣೆ ಬರೆಯಲಿಲ್ಲವೆಂದು ಹೊಸಬರನ್ನು ಗದರಿಸುವವರೂ ಉಂಟು. ಕಣ್ಣು ಕಾಣದವರಿಗೆ ಆ ವಿವರಣೆ ಎಷ್ಟು ಮುಖ್ಯವೆಂದು ಬಲ್ಲ ನನಗೂ ಗದರಿಸುವ ಧಾಟಿ ಹಿಡಿಸುವುದಿಲ್ಲ. ಖಾಸಗಿ ಸಂದೇಶದ ವಿಷಯದಲ್ಲಿ ಮಾತ್ರ ಹೊಸಬರಿಗೆ ನಾನೇ ಗದರಿಸಿಯಾದರೂ ಹೇಳುತ್ತೇನೆ: ಅದು ಗೂಢಲಿಪಿಯಲ್ಲಿ ಇರುವುದಿಲ್ಲ, ಸರ್ವರ್‌ನ ಅಡ್ಮಿನ್ ಮನಸ್ಸು ಮಾಡಿದರೆ ಓದಬಹುದು, ಸಂದೇಶದ ನಡುವೆ ಮೂರನೆಯವರ ಖಾತೆಯ ಹೆಸರನ್ನು @ ಚಿಹ್ನೆಸಮೇತ ಬರೆದರೆ ಅದು ಅವರಿಗೂ ಹೋಗಿ ತಲಪುತ್ತದೆ. ನಿಮ್ಮ ವಾರ್ಡಿನ ಕಾರ್ಪೊರೇಟರ್ ಬಗ್ಗೆ ಗೆಳೆಯನಿಗೆ ಪಿಸುಗುಟ್ಟಲು ಇದು ತಕ್ಕ ಜಾಗವಲ್ಲ.

ಈಗ ಕನ್ನಡದ ಮಾತು. ಜಾಗಕ್ಕೆ ಕೊರತೆಯಿಲ್ಲ: ಒಂದು ಪೋಸ್ಟಿಗೆ ಸಾಮಾನ್ಯವಾಗಿ 500 ಅಕ್ಷರಗಳ ಮಿತಿ, ಅಡ್ಮಿನ್ ಬಯಸಿದರೆ ಇನ್ನೂ ಹೆಚ್ಚು. ಕನ್ನಡಕ್ಕೆ ಇದು ಬರಿಯ ಔದಾರ್ಯವಲ್ಲ, ಅಗತ್ಯ. ಯೂನಿಕೋಡ್‌ನಲ್ಲಿ ಕಾಗುಣಿತದ ಒಂದೊಂದು ಚಿಹ್ನೆಗೂ ಹಲಂತಕ್ಕೂ ಬೇರೆ ಬೇರೆ ಸಂಕೇತವಿರುವುದರಿಂದ ಕಣ್ಣಿಗೆ ನಾಲ್ಕೇ ಅಕ್ಷರವಾಗಿ ಕಾಣುವ ‘ಕರ್ನಾಟಕ’ ಏಳು ಸಂಕೇತಗಳಾಗುತ್ತದೆ. ಟ್ವಿಟರ್‌ನ 140ರ ಕಾಲದಲ್ಲಿ, 2017ರಲ್ಲಿ 280 ಆದಮೇಲೂ, ಒತ್ತಕ್ಷರ ಹೆಚ್ಚಿರುವ ವಾಕ್ಯವನ್ನು ಬರೆದವರು ಕೊನೆಗೆ ಕ್ರಿಯಾಪದವನ್ನೇ ಕತ್ತರಿಸಬೇಕಾಗುತ್ತಿತ್ತು. ಕ್ರಿಯಾಪದವೇ ವಾಕ್ಯದ ಕೊನೆಯಲ್ಲಿ ಬರುವ ಭಾಷೆಯಲ್ಲಿ ರಾಜಕೀಯದ ಮಾತಾಡುವವರು ಕ್ರಿಯಾಪದ ಬಿಟ್ಟರೆ ಏನಾದೀತೆಂದು ಬೇರೆ ಹೇಳಬೇಕಿಲ್ಲ.

ಆದರೆ ಜನರು ಒಬ್ಬರನ್ನೊಬ್ಬರು ಕಂಡುಕೊಳ್ಳುವ ಬಗೆಯಲ್ಲಿ ಕನ್ನಡಕ್ಕೆ ಸಹಜವಾಗಿಯೇ ಪೆಟ್ಟು ಬೀಳುತ್ತದೆ. ಅಲ್ಗಾರಿದಮ್ ಇಲ್ಲದ, ಹುಡುಕಾಟ ಸೀಮಿತವಾದ ಜಾಗದಲ್ಲಿ ಅಪರಿಚಿತರನ್ನು ಸೇರಿಸುವ ದಾರವೆಂದರೆ ಹ್ಯಾಶ್‌ಟ್ಯಾಗ್ ಒಂದೇ, 4.0ನೇ ಆವೃತ್ತಿಯಿಂದ ಈಚೆಗೆ ಟ್ಯಾಗನ್ನೇ ಹಿಂಬಾಲಿಸಲೂಬಹುದು. ಇಂಗ್ಲಿಷಿನಲ್ಲಿ ವಾಕ್ಯದ ನಡುವಿನ ಒಂದು ಪದಕ್ಕೆ # ಚಿಹ್ನೆ ಸೇರಿಸಿದರೆ ಟ್ಯಾಗ್ ಆಯಿತು. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ: ‘ಕಾವೇರಿ’ ಒಂದು ಟ್ಯಾಗ್, ‘ಕಾವೇರಿಯ’ ಮತ್ತೊಂದು, ‘ಕಾವೇರಿಗೆ’ ಮಗದೊಂದು. ಯಂತ್ರಕ್ಕೆ ಮೂರೂ ಮೂರು ನದಿಗಳು. ಅದರಿಂದ ಪಾರಾಗಲು ಟ್ಯಾಗುಗಳನ್ನು ಪ್ರಥಮಾ ವಿಭಕ್ತಿಯಲ್ಲಿ ಪೋಸ್ಟಿನ ಕೊನೆಯ ಸಾಲಿನಲ್ಲಿ ಬೇರೆಯಾಗಿ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಇನ್ನೊಂದು, ಬರೆಯುವಾಗ ಪೋಸ್ಟಿನ ಭಾಷೆ ‘ಕನ್ನಡ’ ಎಂದು ಆಯ್ದುಕೊಳ್ಳುವುದನ್ನು ಮರೆತರೆ ಅದು ಇಂಗ್ಲಿಷೆಂದೇ ಹೊರಟುಹೋಗುತ್ತದೆ, ಕನ್ನಡದ ಪೋಸ್ಟು ಮಾತ್ರ ಸಾಕೆಂದು ಸೋಸಿಕೊಂಡವರಿಗೆ ಕಾಣುವುದಿಲ್ಲ. ನನ್ನ ಮೊದಲ ವರ್ಷದ ಪೋಸ್ಟುಗಳಲ್ಲಿ ಅರ್ಧ ಹೀಗೆ ಇಂಗ್ಲಿಷಾಗಿ ಓಡಾಡಿಕೊಂಡಿವೆ.

ಭಾರತೀಯರು ಇಲ್ಲಿಗೆ ಹೊಸಬರೇನಲ್ಲ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯನ್ನು ಅಮಾನತು ಮಾಡಿದಾಗ, ಅಂದರೆ 2019ರ ನವೆಂಬರ್ ಹೊತ್ತಿಗೆ, ಸಿಟ್ಟಾದವರು ದಂಡಾಗಿ ಮಾಸ್ಟೊಡಾನ್‌ಗೆ ಬಂದರು. ಅಮಾನತಿಗೆ ಕಾರಣವಾದದ್ದು ಹಿಟ್ಲರನ ಕಾಲದ ಜರ್ಮನಿಯಲ್ಲಿ ಕೈಯೆತ್ತಿ ವಂದಿಸಿದ ಜನಜಂಗುಳಿಯ ನಡುವೆ ಕೈಕಟ್ಟಿ ನಿಂತ ಒಬ್ಬನೇ ಒಬ್ಬನ 1936ರ ಚಿತ್ರ. ಬಂದವರಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಹಿಂದಿರುಗಿದರು. ಅವರು ಹುಡುಕಿಕೊಂಡು ಬಂದದ್ದು ಸದ್ದು. ಇಲ್ಲಿ ಅದು ಸಿಗುವುದಿಲ್ಲ. 2022ರ ಅಲೆಯಲ್ಲಿ ಬಂದ ಕನ್ನಡಿಗರೂ ಹಾಗೆಯೇ ಚದುರಿದರು, ಕೆಲವರು ಬ್ಲೂಸ್ಕೈ ಎಂಬ ಇನ್ನೊಂದು ಜಾಲತಾಣದ ಕಡೆಗೆ ಹೋದರು. ಅಲ್ಲಿ ಮಿತಿ 300 ಅಕ್ಷರ, ಆದರೆ ಕಾಗುಣಿತವನ್ನು ಬಿಡಿಸದೆ ಅಕ್ಷರವೆಂದೇ ಎಣಿಸುವ ವಿವೇಕವಿದೆ, ಸೇರುವುದೂ ಸುಲಭ. ನವೆಂಬರ್ ಒಂದರಂದು ‘ಕನ್ನಡರಾಜ್ಯೋತ್ಸವ’ ಎಂಬ ಟ್ಯಾಗನ್ನು ನಾನಿರುವ ಸರ್ವರ್‌ನಲ್ಲಿ ತೆರೆದರೆ ಕಾಣುವವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ನಾನೊಬ್ಬ, ನನ್ನ ಬಾಟ್ ಇನ್ನೊಂದು.

ಈಗ ನಾನಿರುವ ಸರ್ವರ್‌ಗೆ ತಿಂಗಳಿಗೆ 200 ರೂಪಾಯಿ ದೇಣಿಗೆ ಕೊಡುತ್ತೇನೆ, ಯಾರೂ ಕೇಳದಿದ್ದರೂ. ಪ್ರೋಗ್ರಾಮಿಂಗ್ ಹರಟೆಗೆ ಅದರ ಎರಡರಷ್ಟು ಕೊಡಬಹುದು. ಕನ್ನಡದಲ್ಲಿ ರಾಜಕೀಯ ಮಾತಾಡುವುದಕ್ಕಷ್ಟೇ ಆಗಿದ್ದರೆ ಏನನ್ನೂ ಕೊಡುತ್ತಿರಲಿಲ್ಲ. ಹೊಸದಾಗಿ ಬರುವವರಿಗೆ ನಾನು ಹೇಳುವುದು ಎಲ್ಲರೂ ಹೇಳುವುದಕ್ಕೆ ತುಸು ವಿರುದ್ಧ: ಒಬ್ಬರೇ ಬರಬೇಡಿ, ನಿಮ್ಮ ವಾಟ್ಸ್ಆ್ಯಪ್ ಗುಂಪಿನ ನಾಲ್ಕು ಜನರನ್ನಾದರೂ ಜೊತೆಗೆ ಕರೆತನ್ನಿ, ಕನಿಷ್ಠ ಮೂರು ಜನ ಅಡ್ಮಿನ್‌ಗಳಿರುವ ಸರ್ವರ್ ಹಿಡಿಯಿರಿ, ಹೊಸದರಲ್ಲಿ ಅದರ ನಿಯಮಗಳ ಪುಟವನ್ನು ಪೂರ್ತಿ ಓದಿರಿ.

ಬಾಟ್‌ಗೆ ಇರುವ ಹನ್ನೊಂದು ಜನರಲ್ಲಿ ಒಬ್ಬರು ಜರ್ಮನಿಯಲ್ಲಿರುವ ಮಂಡ್ಯದ ಕಡೆಯವರು. ಕಟ್ಟೆ ತುಂಬಿ 124.80 ಎಂದು ಬಾಟ್ ಬರೆದ ದಿನ ಅವರು ಅದಕ್ಕೆ ಉತ್ತರವಾಗಿ, ‘ವಿ.ಸಿ. ನಾಲೆಗೆ ನೀರು ಬಿಟ್ಟರಾ?’ ಎಂದು ಕೇಳಿದರು. ಉತ್ತರ ಗೊತ್ತಿದ್ದವರು ಆ ಹನ್ನೊಂದು ಜನರಲ್ಲಿ ಯಾರೂ ಇರಲಿಲ್ಲ, ಬಾಟ್‌ಗಂತೂ ಅಂಕಿಯಾಚೆ ಏನೂ ತಿಳಿಯದು. ಎರಡು ದಿನ ಪ್ರಶ್ನೆ ಹಾಗೆಯೇ ಉಳಿಯಿತು. ಮೂರನೆಯ ದಿನ ಮದ್ದೂರಿನ ಸೋದರಮಾವನಿಗೆ ಫೋನ್ ಮಾಡಿ ವಿಚಾರಿಸಿದೆ. ಮಾವ ನೀರಿನ ಜೊತೆಗೆ ಶಾಸಕರ ಬಗ್ಗೆಯೂ ಅರ್ಧ ಗಂಟೆ ಮಾತಾಡಿದರು. ‘ಸೋಮವಾರ ಬಿಟ್ಟರಂತೆ, ಕೊನೆಯ ಭಾಗಕ್ಕೆ ಇನ್ನೂ ತಲಪಿಲ್ಲ’ ಎಂದಷ್ಟನ್ನು ಬರೆದು, ಭಾಷೆ ಕನ್ನಡ ಎಂದು ಆಯ್ದು, ಕೊನೆಯ ಸಾಲಿನಲ್ಲಿ ‘ಕಾವೇರಿ’ ಎಂಬ ಟ್ಯಾಗ್ ಹಾಕಿ ಕಳಿಸಿದೆ.